ವಿಶ್ವವಿದ್ಯಾಲಯಗಳ ಜಾಗತಿಕ ಶ್ರೇಯಾಂಕ ಹೇಗೆ ಹುಟ್ಟುತ್ತದೆ, ಅದರಲ್ಲಿ ಭಾರತ ಎಲ್ಲಿದೆ

2021ರ ಜೂನ್ ತಿಂಗಳಲ್ಲಿ, ವಿಶ್ವವಿದ್ಯಾಲಯಗಳಿಗೆ ಶ್ರೇಯಾಂಕ ಕೊಡುವ ಬ್ರಿಟನ್ನಿನ ಕ್ಯೂಎಸ್ ಸಂಸ್ಥೆ ತನ್ನ 2022ರ ಆವೃತ್ತಿಯ ಜಾಗತಿಕ ವಿಶ್ವವಿದ್ಯಾಲಯ ಪಟ್ಟಿಯನ್ನು ಹೊರತಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅದರ ಒಂದು ಅಂಕಣದಲ್ಲಿ ನೂರಕ್ಕೆ ನೂರು ಅಂಕ ಬಂದಿತ್ತು. ಸಂಸ್ಥೆಯ ಸಂಶೋಧನಾ ಲೇಖನಗಳನ್ನು ಜಗತ್ತಿನ ಇತರ ಸಂಶೋಧಕರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದನ್ನು ಬೋಧಕರ ಸಂಖ್ಯೆಯಿಂದ ಭಾಗಿಸಿ ನೋಡುವ ಅಂಕಣ ಅದು. ಆ ಒಂದು ಲೆಕ್ಕದಲ್ಲಿ ಭಾರತದ ಸಂಸ್ಥೆ ಇಡೀ ಜಗತ್ತಿಗೇ ಮೊದಲನೆಯದಾಗಿತ್ತು. ಆದರೆ ಅದೇ ಪಟ್ಟಿಯ ಒಟ್ಟು ಶ್ರೇಯಾಂಕದಲ್ಲಿ ಅದರ ಸ್ಥಾನ 186. ಈ ಎರಡು ಸಂಖ್ಯೆಗಳು ಒಟ್ಟಿಗೇ ಹೇಗೆ ನಿಜವಾಗಿರಲು ಸಾಧ್ಯ ಎಂಬುದು ತಿಳಿದರೆ ಶ್ರೇಯಾಂಕಗಳ ಅರ್ಧ ಗುಟ್ಟು ಬಿಡಿಸಿದಂತೆ.

ಬೆಳಗಾವಿಯಲ್ಲಿ ಪದವಿ ತರಗತಿಗಳಿಗೆ ಪಾಠ ಹೇಳುವ ನನಗೆ, ಪಿಯುಸಿ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ಪಾಲಕರಿಂದ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: “ಸರ್, ಈ ಯೂನಿವರ್ಸಿಟಿ ವರ್ಲ್ಡ್ ರ‍್ಯಾಂಕ್‌ನ್ಯಾಗ ಎಷ್ಟನೇದು ಐತ್ರಿ?” ಕೇಳುವವರು ಅಥಣಿ, ಗೋಕಾಕ, ಜಮಖಂಡಿ, ಮುದ್ದೇಬಿಹಾಳದ ಕಡೆಯವರು, ಹೊಲದ ದುಡ್ಡನ್ನೋ ಬ್ಯಾಂಕಿನ ಸಾಲವನ್ನೋ ಮಗಳ ಓದಿಗೆ ಹಾಕಲು ಹೊರಟವರು. ಈ ಪ್ರಶ್ನೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಶ್ರೇಯಾಂಕಗಳಿಗೆ ಈಗ ಸರ್ಕಾರದ ನಿಯಮಗಳೊಳಗೇ ಜಾಗ ಸಿಕ್ಕಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಶೈಕ್ಷಣಿಕ ಸಾಲ ಯೋಜನೆ ಯಾವ ಸಂಸ್ಥೆಗಳಿಗೆ ಅನ್ವಯಿಸುತ್ತದೆ ಎಂಬುದು ನಮ್ಮ ದೇಶದ್ದೇ ಆದ ಎನ್‌ಐಆರ್‌ಎಫ್ ಶ್ರೇಯಾಂಕದ ಮೇಲೆ ನಿಂತಿದೆ. ಭಾರತದಲ್ಲಿ ಶಾಖೆ ತೆರೆಯಲು ಬಯಸುವ ವಿದೇಶಿ ವಿಶ್ವವಿದ್ಯಾಲಯಗಳು ಒಟ್ಟಾರೆ ಅಥವಾ ವಿಷಯವಾರು ಜಾಗತಿಕ ಪಟ್ಟಿಯ ಮೊದಲ 500ರೊಳಗೆ ಇರಬೇಕು, ಇಲ್ಲವೇ ಒಂದು ನಿರ್ದಿಷ್ಟ ಕ್ಷೇತ್ರದಲ್ಲಿ ಅಸಾಧಾರಣ ಪರಿಣತಿ ಹೊಂದಿರಬೇಕು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಾವಳಿ ಹೇಳುತ್ತದೆ. ಬ್ರಿಟನ್ 2022ರಲ್ಲಿ ಪ್ರತಿಭಾವಂತ ಪದವೀಧರರಿಗೆಂದು ಒಂದು ವಿಶೇಷ ವೀಸಾ ಆರಂಭಿಸಿದಾಗ, ಪ್ರಮುಖ ಮೂರು ಜಾಗತಿಕ ಪಟ್ಟಿಗಳ ಪೈಕಿ ಕನಿಷ್ಠ ಎರಡರಲ್ಲಿ ಮೊದಲ 50ರೊಳಗಿನ ವಿಶ್ವವಿದ್ಯಾಲಯಗಳನ್ನಷ್ಟೇ ಪರಿಗಣಿಸಿತು. ಭಾರತದ ಒಂದು ಸಂಸ್ಥೆಯೂ ಅದರೊಳಗೆ ಇರಲಿಲ್ಲ. ಹೀಗಿರುವಾಗ ಈ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಆ ಮೂರು ಪಟ್ಟಿಗಳಲ್ಲಿ ಹಳೆಯದು ಶಾಂಘೈ ಪಟ್ಟಿ. ಚೀನಾದ ವಿಶ್ವವಿದ್ಯಾಲಯಗಳು ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಿಗಿಂತ ಎಷ್ಟು ಹಿಂದಿವೆ ಎಂಬುದನ್ನು ತಮಗಾಗಿಯೇ ಅಳೆದುಕೊಳ್ಳಲು ಶಾಂಘೈ ಜಿಯಾವೊ ತೊಂಗ್ ವಿಶ್ವವಿದ್ಯಾಲಯದವರು 2003ರಲ್ಲಿ ಇದನ್ನು ಪ್ರಕಟಿಸಿದರು. ಮರುವರ್ಷ ಬ್ರಿಟನ್ನಿನ ಟೈಮ್ಸ್ ಹೈಯರ್ ಎಜುಕೇಷನ್ ಪತ್ರಿಕೆಯೂ ಕ್ಯೂಎಸ್ ಸಂಸ್ಥೆಯೂ ಸೇರಿ ಇನ್ನೊಂದು ಪಟ್ಟಿ ತಂದವು. 2009ರ ನಂತರ ಅವು ಬೇರೆಯಾಗಿ, ಈಗ ಎರಡು ಪ್ರತ್ಯೇಕ ಪಟ್ಟಿಗಳು ನಡೆಯುತ್ತಿವೆ. ಮೂರೂ ಪಟ್ಟಿಗಳು ಮಾಡುವ ಕೆಲಸ ಮೂಲದಲ್ಲಿ ಒಂದೇ. ವಿಶ್ವವಿದ್ಯಾಲಯವೊಂದರ ಕೆಲವು ಸಂಗತಿಗಳನ್ನು ಆಯ್ದುಕೊಂಡು, ಒಂದೊಂದಕ್ಕೂ ಶೇಕಡಾವಾರು ತೂಕ ನಿಗದಿ ಮಾಡಿ, ಬಂದ ಅಂಕಗಳನ್ನು ಕೂಡಿಸಿ, ಮೊತ್ತದ ಇಳಿಕೆಯ ಕ್ರಮದಲ್ಲಿ ಹೆಸರುಗಳನ್ನು ಜೋಡಿಸುತ್ತವೆ. ಯಾವ ಸಂಗತಿ ಆಯ್ಕೆಯಾಗಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದು ಮಾತ್ರ ಪಟ್ಟಿ ಮಾಡುವವರ ತೀರ್ಮಾನ. ಭಾರತೀಯ ವಿಜ್ಞಾನ ಸಂಸ್ಥೆ ನೂರಕ್ಕೆ ನೂರು ಪಡೆದ ಅಂಕಣಕ್ಕೆ ಕ್ಯೂಎಸ್ ಪಟ್ಟಿಯಲ್ಲಿದ್ದ ತೂಕ ಶೇ 20. ಅಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಒಟ್ಟು ಮೊತ್ತಕ್ಕೆ ಸೇರುವುದು 20 ಅಂಕ ಮಾತ್ರ. ಉಳಿದ 80 ಅಂಕಗಳು ಬೇರೆ ಸಂಗತಿಗಳಿಂದ ಬರಬೇಕು.

ನಮ್ಮ ಭಾಗದ ಓದುಗರಿಗೆ ಇದು ಕಬ್ಬಿನ ಲೆಕ್ಕದಿಂದ ಬೇಗ ತಿಳಿಯುತ್ತದೆ. ಕಾರ್ಖಾನೆಯ ಕಾಟಾದ ಮೇಲೆ ನಿಂತ ಕಬ್ಬನ್ನು ಟನ್ನಿನಲ್ಲಿ ಅಳೆಯಬಹುದು. ಅದೇ ಕಬ್ಬನ್ನು ಸಕ್ಕರೆ ಇಳುವರಿಯಲ್ಲೂ, ಅಂದರೆ ರಿಕವರಿಯಲ್ಲೂ ಅಳೆಯಬಹುದು. ಹತ್ತು ರೈತರ ಹೊಲಗಳನ್ನು ಟನ್ನಿನ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ಒಂದು ಕ್ರಮ ಬರುತ್ತದೆ, ಇಳುವರಿಯ ಲೆಕ್ಕದಲ್ಲಿ ನಿಲ್ಲಿಸಿದರೆ ಇನ್ನೊಂದು ಕ್ರಮ ಬರುತ್ತದೆ, ಎರಡನ್ನೂ ಇಂತಿಷ್ಟು ಪಾಲಿನಲ್ಲಿ ಬೆರೆಸಿದರೆ ಮೂರನೆಯ ಕ್ರಮವೊಂದು ಬರುತ್ತದೆ. ಶಾಂಘೈ ಪಟ್ಟಿ ಹೆಚ್ಚಾಗಿ ಟನ್ನಿನ ಕಡೆಯದು. ನೊಬೆಲ್ ಅಥವಾ ಗಣಿತದ ಫೀಲ್ಡ್ಸ್ ಪದಕ ಪಡೆದ ಹಳೆಯ ವಿದ್ಯಾರ್ಥಿಗಳಿಗೆ ಶೇ 10, ಅಂಥ ಪ್ರಶಸ್ತಿ ಪಡೆದ ಬೋಧಕರಿಗೆ ಶೇ 20, ಅತಿ ಹೆಚ್ಚು ಉಲ್ಲೇಖ ಪಡೆಯುವ ಸಂಶೋಧಕರಿಗೆ ಶೇ 20, ನೇಚರ್ ಮತ್ತು ಸೈನ್ಸ್ ಪತ್ರಿಕೆಗಳ ಲೇಖನಗಳಿಗೆ ಶೇ 20, ಒಟ್ಟು ಲೇಖನಗಳಿಗೆ ಶೇ 20. ಬೋಧಕರ ಸಂಖ್ಯೆಯಿಂದ ಭಾಗಿಸಿ ನೋಡುವ ತಲಾ ಲೆಕ್ಕಕ್ಕೆ ಉಳಿಯುವುದು ಶೇ 10. ಬೋಧನೆ ಹೇಗಿದೆ ಎಂಬುದನ್ನು ಈ ಪಟ್ಟಿ ನೇರವಾಗಿ ಕೇಳುವುದೇ ಇಲ್ಲ. ನೊಬೆಲ್ ಪಡೆದ ಹಳೆಯ ವಿದ್ಯಾರ್ಥಿಗಳೂ ಬೋಧಕರೂ ಇಲ್ಲದ ವಿಶ್ವವಿದ್ಯಾಲಯವೊಂದು ಮೂವತ್ತು ಅಂಕಗಳನ್ನು ಮೊದಲೇ ಕಳೆದುಕೊಂಡು ಓಟಕ್ಕೆ ನಿಲ್ಲುತ್ತದೆ.

ಕ್ಯೂಎಸ್ ಪಟ್ಟಿಯ ಜೀವ ಇರುವುದು ಜನಾಭಿಪ್ರಾಯದಲ್ಲಿ, ಅದೂ ಶಿಕ್ಷಣ ಕ್ಷೇತ್ರದ ಜನರ ಅಭಿಪ್ರಾಯದಲ್ಲಿ. ಬಹಳ ವರ್ಷ ಅದರ ಶೇ 40ರಷ್ಟು ತೂಕ ಪ್ರಾಧ್ಯಾಪಕರ ನಡುವಿನ ಸಮೀಕ್ಷೆಗೇ ಮೀಸಲಾಗಿತ್ತು. ನಿಮ್ಮ ವಿಷಯದಲ್ಲಿ ಉತ್ತಮ ಸಂಶೋಧನೆ ನಡೆಯುವ ಸಂಸ್ಥೆಗಳನ್ನು ಹೆಸರಿಸಿ ಎಂದು ಜಗತ್ತಿನ ಪ್ರಾಧ್ಯಾಪಕರನ್ನು ಕೇಳಿ, ಸ್ವಂತ ಸಂಸ್ಥೆಗೆ ಹಾಕಿದ ಮತವನ್ನು ಬಿಟ್ಟು ಉಳಿದುದನ್ನು ಎಣಿಸುತ್ತಾರೆ. ಹೆಸರು ನೆನಪಾಗಬೇಕಾದರೆ ಕೇಳಿರಬೇಕು, ಆ ಊರಿಗೆ ಒಮ್ಮೆ ಹೋಗಿರಬೇಕು, ಅಲ್ಲಿಯವರೊಬ್ಬರ ಜೊತೆ ಕೆಲಸ ಮಾಡಿರಬೇಕು. ಮುನ್ನೂರು ವರ್ಷ ಹಳೆಯ ವಿಶ್ವವಿದ್ಯಾಲಯವೊಂದರ ಇಂದಿನ ವಿಭಾಗ ಸಾಧಾರಣವಾಗಿದ್ದರೂ ಹೆಸರು ಬಾಯಿಗೆ ಬರುತ್ತದೆ. 2010ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹೆಸರು, ಅಲ್ಲಿ ಎಂಥ ಕೆಲಸ ನಡೆದರೂ, ಬ್ರೆಜಿಲ್‌ನಲ್ಲಿ ಕುಳಿತ ಪ್ರಾಧ್ಯಾಪಕರಿಗೆ ಸದ್ಯಕ್ಕೆ ನೆನಪಾಗುವ ಸಂಭವವಿಲ್ಲ. ಕೀರ್ತಿ ಗುಣದ ಹಿಂದೆ ನಿಧಾನವಾಗಿ ಬರುವಂಥದ್ದು. ಆದ್ದರಿಂದ ಕೀರ್ತಿಯನ್ನು ಅಳೆಯುವ ಪಟ್ಟಿ ನಿನ್ನೆಯನ್ನು ಹೆಚ್ಚು ಅಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

2024ರ ಆವೃತ್ತಿಗೆ ಕ್ಯೂಎಸ್ ತನ್ನ ತೂಕಗಳನ್ನು ಬದಲಿಸಿತು. ಪ್ರಾಧ್ಯಾಪಕರ ಅಭಿಪ್ರಾಯ ಶೇ 40ರಿಂದ 30ಕ್ಕೆ ಇಳಿಯಿತು, ಉದ್ಯೋಗದಾತರ ಅಭಿಪ್ರಾಯ ಶೇ 10ರಿಂದ 15ಕ್ಕೆ ಏರಿತು, ಬೋಧಕ-ವಿದ್ಯಾರ್ಥಿ ಅನುಪಾತದ ತೂಕ ಶೇ 20ರಿಂದ 10ಕ್ಕೆ ಬಂತು. ಪದವೀಧರರ ಉದ್ಯೋಗ, ಪರಿಸರ ಸುಸ್ಥಿರತೆ, ಅಂತಾರಾಷ್ಟ್ರೀಯ ಸಂಶೋಧನಾ ಸಂಪರ್ಕ ಎಂಬ ಮೂರು ಹೊಸ ಅಂಕಣಗಳು ತಲಾ ಶೇ 5ರ ತೂಕದಲ್ಲಿ ಸೇರಿದವು. ಆ ವರ್ಷ ಆದದ್ದನ್ನು ನೋಡಿ. ಬಾಂಬೆ ಐಐಟಿ 172ರಿಂದ 149ಕ್ಕೆ ಏರಿತು, ಭಾರತೀಯ ವಿಜ್ಞಾನ ಸಂಸ್ಥೆ 155ರಿಂದ 225ಕ್ಕೆ ಇಳಿಯಿತು. ಹನ್ನೆರಡು ತಿಂಗಳಲ್ಲಿ ಒಂದು ಸಂಸ್ಥೆ ಎಪ್ಪತ್ತು ಮೆಟ್ಟಿಲು ಕೆಡುವುದೂ ಇಲ್ಲ, ಇನ್ನೊಂದು ಇಪ್ಪತ್ಮೂರು ಮೆಟ್ಟಿಲು ಸುಧಾರಿಸುವುದೂ ಇಲ್ಲ. ಉದ್ಯೋಗದ ಕಡೆ ಬಲವಿರುವ ಎಂಜಿನಿಯರಿಂಗ್ ಸಂಸ್ಥೆಗೆ ಹೊಸ ತಕ್ಕಡಿ ಒದಗಿಬಂತು, ಮೂಲ ವಿಜ್ಞಾನದ ಸಂಸ್ಥೆಗೆ ಒದಗಲಿಲ್ಲ. 2023ರ ಜೂನ್‌ನಲ್ಲಿ ಪತ್ರಿಕೆಗಳ ಶೀರ್ಷಿಕೆಗಳು ಏರಿಕೆ, ಕುಸಿತ ಎಂಬ ಪದಗಳಲ್ಲಿ ಮುಗಿದವು. ತೂಕ ಬದಲಾದ ಮಾತು ಎಷ್ಟು ಜನರನ್ನು ತಲುಪಿತೆಂಬ ಅನುಮಾನ ನನಗೆ ಇಂದಿಗೂ ಇದೆ.

ಇನ್ನು ಉಲ್ಲೇಖಗಳ ವಿಷಯ. ಇದೇ ಎಲ್ಲಕ್ಕಿಂತ ವಸ್ತುನಿಷ್ಠವಾದ ಅಳತೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ, ಆದರೆ ಇಲ್ಲಿಯೂ ಎಣಿಸುವ ಕ್ರಮವೇ ಫಲಿತಾಂಶವನ್ನು ತಿರುಗಿಸಬಲ್ಲದು. ಟೈಮ್ಸ್ ಹೈಯರ್ ಎಜುಕೇಷನ್ ಪಟ್ಟಿಯ 2013-14ರ ಆವೃತ್ತಿಯಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ 226ರಿಂದ 250ರ ವರ್ಗದಲ್ಲಿ ಕಾಣಿಸಿಕೊಂಡು ಎಲ್ಲ ಐಐಟಿಗಳನ್ನೂ ಹಿಂದೆ ಹಾಕಿತು. ಅದರ ಕಾರಣ ಜಿನೀವಾದ ಬಳಿ ನೆಲದಡಿ ಇರುವ ಕಣ ವೇಗವರ್ಧಕದಲ್ಲಿತ್ತು. ಹಿಗ್ಸ್ ಬೋಸಾನ್ ಎಂಬ ಮೂಲಕಣದ ಹುಡುಕಾಟದಂಥ ಪ್ರಯೋಗಗಳಲ್ಲಿ ಪಂಜಾಬ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ನಿಜವಾಗಿಯೂ ಪಾಲುದಾರರು. ಅದು ಹೆಮ್ಮೆಯ ಸಂಗತಿ. ಆದರೆ ಆ ಲೇಖನಗಳಿಗೆ ಸಾವಿರಾರು ಲೇಖಕರಿರುತ್ತಾರೆ, ಜಗತ್ತಿನಾದ್ಯಂತ ಅವುಗಳಿಗೆ ಉಲ್ಲೇಖಗಳ ಸುರಿಮಳೆಯಾಗುತ್ತದೆ, ಅಂದಿನ ನಿಯಮದಂತೆ ಆ ಪೂರ್ಣ ಶ್ರೇಯ ಹೆಸರಿದ್ದ ಪ್ರತಿಯೊಂದು ಸಂಸ್ಥೆಗೂ ಸಲ್ಲುತ್ತಿತ್ತು. ಒಟ್ಟು ಲೇಖನಗಳ ಸಂಖ್ಯೆ ಕಡಿಮೆಯಿರುವ ವಿಶ್ವವಿದ್ಯಾಲಯದ ಸರಾಸರಿಯನ್ನು ಇಂಥ ಕೆಲವೇ ಲೇಖನಗಳು ಮೇಲಕ್ಕೆ ಎತ್ತಿಬಿಡುತ್ತವೆ. 2015ರಲ್ಲಿ ಪಟ್ಟಿಯವರು ಸಾವಿರಕ್ಕಿಂತ ಹೆಚ್ಚು ಲೇಖಕರಿರುವ ಲೇಖನಗಳನ್ನು ಲೆಕ್ಕದಿಂದ ಕೈಬಿಟ್ಟರು. ಅದಕ್ಕೂ ಮೊದಲು, 2010ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯ ಇದೇ ಪಟ್ಟಿಯಲ್ಲಿ 147ನೇ ಸ್ಥಾನಕ್ಕೆ ಬಂದುದರ ಹಿಂದೆ ಒಬ್ಬರೇ ವಿದ್ವಾಂಸರು ತಾವೇ ಸಂಪಾದಕರಾಗಿದ್ದ ಪತ್ರಿಕೆಯಲ್ಲಿ ಬರೆದ ಲೇಖನಗಳ ಉಲ್ಲೇಖಗಳಿದ್ದವು.

ಉಲ್ಲೇಖ ಯಾರ ಖಾತೆಗೆ ಸೇರುತ್ತದೆ ಎಂಬುದನ್ನು ತೀರ್ಮಾನಿಸುವುದು ಲೇಖನದ ತಲೆಯಲ್ಲಿ ಅಚ್ಚಾಗಿರುವ ವಿಳಾಸ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಈ ಸಣ್ಣ ಸಂಗತಿ ಬಹಳ ದೊಡ್ಡದು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹಯೋಗಿಗಳೊಂದಿಗೆ ಒಂದು ಅಧ್ಯಯನ ನಡೆಸಿದರು. ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯನ್ನು ಹಳ್ಳಿಯ ಸಹಾಯಕ ದಾದಿಯರೇ ಕೊಡಬಹುದೇ ಎಂಬುದು ಅವರ ಪ್ರಶ್ನೆ. 1,620 ಮಹಿಳೆಯರ ಈ ಅಧ್ಯಯನದಲ್ಲಿ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದದ್ದು ಕಂಡುಬಂತು. ಫಲಿತಾಂಶ 2006ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಉದ್ದೇಶಕ್ಕಾಗಿ ಆ ಔಷಧಿಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು, ಅದಕ್ಕೆ ದೊರೆತ ಆಧಾರಗಳಲ್ಲಿ ಬೆಳಗಾವಿಯ ಹಳ್ಳಿಗಳ ಈ ಕೆಲಸವೂ ಸೇರಿತ್ತು. ಮನುಷ್ಯರ ಜೀವ ಉಳಿಸಿದ ಸಂಶೋಧನೆ ಎಂದರೆ ಇದು.

ಈಗ ಅದರ ವಿಳಾಸವನ್ನು ನೋಡೋಣ. ಅಧ್ಯಯನ ನಡೆದ ವರ್ಷಗಳಲ್ಲಿ ಕೆಎಲ್‌ಇ ಡೀಮ್ಡ್ ವಿಶ್ವವಿದ್ಯಾಲಯ, ಅಂದರೆ ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಸರ್ಕಾರ ಪರಿಗಣಿಸಿದ ಸಂಸ್ಥೆ, ಹುಟ್ಟಿರಲಿಲ್ಲ. ಅದಕ್ಕೆ ಆ ಸ್ಥಾನ ದೊರೆತದ್ದು 2006ರಲ್ಲಿ. ಮುಂದೆ ಡೀಮ್ಡ್ ಸಂಸ್ಥೆಗಳು ಹೆಸರಿನಲ್ಲಿ ‘ಯೂನಿವರ್ಸಿಟಿ’ ಪದ ಬಳಸಬಾರದೆಂದು 2017ರಲ್ಲಿ ಯುಜಿಸಿ ಸೂಚಿಸಿದ ಮೇಲೆ ಕೆಎಲ್‌ಇ ಯೂನಿವರ್ಸಿಟಿ ಎಂಬುದು ಕೆಎಲ್‌ಇ ಅಕಾಡೆಮಿ ಆಫ್ ಹೈಯರ್ ಎಜುಕೇಷನ್ ಆ್ಯಂಡ್ ರಿಸರ್ಚ್ ಆಯಿತು, ವಿಜಯಪುರದ ಬಿಎಲ್‌ಡಿಇ ಯೂನಿವರ್ಸಿಟಿಯ ಹೆಸರೂ ಬದಲಾಯಿತು. ಅದರ ಮೇಲೆ 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ, ಬಿಜಾಪುರ ಹೋಗಿ ವಿಜಯಪುರ ಎಂದು ಊರುಗಳ ಅಧಿಕೃತ ಹೆಸರುಗಳೇ ಬದಲಾದವು. ಇದು ನಮ್ಮ ಭಾಷೆಗೆ ಸಂದ ನ್ಯಾಯ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಸ್ಕೋಪಸ್‌ನಂಥ ಲೇಖನ ಸೂಚಿಗಳು ವಿಳಾಸದ ಅಕ್ಷರಗಳನ್ನು ನೋಡಿ ಲೆಕ್ಕ ಜೋಡಿಸುತ್ತವೆ. ಒಂದೇ ಸಂಸ್ಥೆ ನಾಲ್ಕು ಹೆಸರಿನಲ್ಲಿ ಅಚ್ಚಾದರೆ ಅವೆಲ್ಲ ಒಂದೇ ಎಂದು ಯಾರಾದರೂ ಕುಳಿತು ಜೋಡಿಸಿ ತಿದ್ದಿಸಬೇಕು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಕೆಲಸಕ್ಕೆಂದೇ ಸಿಬ್ಬಂದಿ ಇರುತ್ತಾರೆ. ವಿಳಾಸಕ್ಕೆ ಎಷ್ಟು ಬೆಲೆ ಬಂದಿದೆಯೆಂದರೆ, ತನ್ನ ಪೂರ್ಣಾವಧಿ ರಸಾಯನಶಾಸ್ತ್ರಜ್ಞರೊಬ್ಬರು ಬೇರೆ ದೇಶಗಳ ಸಂಸ್ಥೆಗಳ ವಿಳಾಸ ಹಾಕಿ ಲೇಖನ ಪ್ರಕಟಿಸಿದರೆಂದು ಸ್ಪೇನ್‌ನ ಕಾರ್ಡೋಬಾ ವಿಶ್ವವಿದ್ಯಾಲಯ ಅವರನ್ನು 13 ವರ್ಷ ಅಮಾನತಿನಲ್ಲಿಟ್ಟ ಸುದ್ದಿ 2023ರಲ್ಲಿ ಜಗತ್ತಿನಾದ್ಯಂತ ಚರ್ಚೆಯಾಯಿತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸ್ಥಿತಿ ಇನ್ನಷ್ಟು ಜಟಿಲ. 1998ರಲ್ಲಿ ಸ್ಥಾಪನೆಯಾದ ಇದರ ಕೇಂದ್ರ ಬೆಳಗಾವಿಯ ಜ್ಞಾನಸಂಗಮದಲ್ಲಿದೆ, ಸಂಯೋಜಿತ ಎಂಜಿನಿಯರಿಂಗ್ ಕಾಲೇಜುಗಳು ರಾಜ್ಯದ ತುಂಬ ಹರಡಿವೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಹಳೆಯ ಕಾಲೇಜಿನ ಪ್ರಾಧ್ಯಾಪಕರು ಲೇಖನ ಬರೆದಾಗ ಮೊದಲು ತಮ್ಮ ಕಾಲೇಜಿನ ಹೆಸರು ಹಾಕುವುದು ಸಹಜ; ‘ವಿಟಿಯು, ಬೆಳಗಾವಿಗೆ ಸಂಯೋಜಿತ’ ಎಂಬ ಸಾಲು ಕೆಲವು ಲೇಖನಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ, ವಿಶ್ವೇಶ್ವರಯ್ಯನವರ ಹೆಸರಿನ ಇಂಗ್ಲಿಷ್ ಕಾಗುಣಿತವೂ ಒಂದೊಂದು ಕಡೆ ಒಂದೊಂದು ರೀತಿ. ಸಂಶೋಧನೆ ನಡೆದಿದೆ, ಆದರೆ ಒಂದು ಹೆಸರಿನಡಿ ಒಟ್ಟುಗೂಡಿಲ್ಲ.

ಇಲ್ಲಿಗೆ ನಾವು ಭಾರತದ ಸಮಸ್ಯೆಯ ಬುಡಕ್ಕೆ ಬಂದೆವು. ನಮ್ಮ ಉನ್ನತ ಶಿಕ್ಷಣ ನಿಂತಿರುವುದು ಸಂಯೋಜನಾ ಪದ್ಧತಿಯ ಮೇಲೆ. 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಅವುಗಳ ಮಾದರಿ ಅಂದಿನ ಲಂಡನ್ ವಿಶ್ವವಿದ್ಯಾಲಯ: ಪಾಠ ಕಾಲೇಜಿನಲ್ಲಿ, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದಲ್ಲಿ. ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ ಆರಂಭವಾದಾಗ ಬಾಂಬೆ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. ಆಮೇಲೆ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಗೆ ಬಂತು. 2010ರ ನಂತರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿತು. ಕಾಲೇಜು ಕದಲಲಿಲ್ಲ, ಅದರ ಮೇಲಿನ ವಿಶ್ವವಿದ್ಯಾಲಯ ಎರಡು ಬಾರಿ ಬದಲಾಯಿತು. ಬಾಗಲಕೋಟೆ ಜಿಲ್ಲೆಯ ಕಾಲೇಜುಗಳು ಇತ್ತೀಚೆಗೆ ಜಮಖಂಡಿಯಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಎರಡು ವರ್ಷ ತುಂಬುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಚರ್ಚೆ ರಾಜ್ಯ ಸಂಪುಟದ ಉಪಸಮಿತಿಯಲ್ಲಿ ನಡೆಯಿತು. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ ದೇಶದಲ್ಲಿ 1,168 ವಿಶ್ವವಿದ್ಯಾಲಯಗಳು, 45,473 ಕಾಲೇಜುಗಳು, 4.33 ಕೋಟಿ ವಿದ್ಯಾರ್ಥಿಗಳು. ನೂರಾರು ಕಾಲೇಜುಗಳ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಅಂಕಪಟ್ಟಿ, ಘಟಿಕೋತ್ಸವಗಳಲ್ಲೇ ವರ್ಷ ಕಳೆಯುವ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಉಳಿಯುವ ಶಕ್ತಿ ಕಡಿಮೆ. ಖಾಯಂ ಹುದ್ದೆಗಳು ಖಾಲಿ ಉಳಿದು ಪಾಠದ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಹೆಗಲಿಗೆ ಬಿದ್ದಾಗ ಅದೂ ಉಳಿಯುವುದಿಲ್ಲ. ಜಾಗತಿಕ ಪಟ್ಟಿಗಳು ಕೇಳುವ ಬೋಧಕ-ವಿದ್ಯಾರ್ಥಿ ಅನುಪಾತವೂ ಅಲ್ಲಿಯೇ ಕೆಡುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಭಾರತದ ಶ್ರೇಯಾಂಕದ ಬಗ್ಗೆ ಮಾತನಾಡುವವರು ಮೊದಲು ಮಾತನಾಡಬೇಕಾದದ್ದು ಖಾಲಿ ಹುದ್ದೆಗಳ ಬಗ್ಗೆ.

ಎರಡನೆಯ ಕಾರಣ, ಸಂಶೋಧನೆಯನ್ನು ನಾವು ವಿಶ್ವವಿದ್ಯಾಲಯಗಳ ಹೊರಗೆ ಇಟ್ಟದ್ದು. 1942ರಲ್ಲಿ ಸ್ಥಾಪನೆಯಾದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಪ್ರಯೋಗಾಲಯಗಳು, ಇಸ್ರೋ, ಡಿಆರ್‌ಡಿಒ, ಕೃಷಿ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಗಳ ಕೇಂದ್ರಗಳು ಸ್ವತಂತ್ರ ಸಂಸ್ಥೆಗಳಾಗಿ ಬೆಳೆದವು. ಬೆಳಗಾವಿಯ ನೆಹರೂ ನಗರದಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇದೆ. ಪಶ್ಚಿಮ ಘಟ್ಟದ ಗಿಡಮೂಲಿಕೆಗಳ ಬಗ್ಗೆ ಅಲ್ಲಿ ಬರೆಯುವ ಲೇಖನಗಳು ಆ ಸಂಸ್ಥೆಯ ಖಾತೆಗೇ ಸೇರುತ್ತವೆ, ಊರಿನ ಯಾವ ವಿಶ್ವವಿದ್ಯಾಲಯಕ್ಕೂ ಸೇರುವುದಿಲ್ಲ. ಫ್ರಾನ್ಸ್‌ಗೂ ಇದೇ ತೊಂದರೆಯಿತ್ತು. ಅಲ್ಲಿ ಹಲವು ಸಂಸ್ಥೆಗಳನ್ನು ಒಂದುಗೂಡಿಸಿ ಪ್ಯಾರಿಸ್-ಸಾಕ್ಲೆ ವಿಶ್ವವಿದ್ಯಾಲಯ ಕಟ್ಟಿದರು, 2020ರಲ್ಲಿ ಶಾಂಘೈ ಪಟ್ಟಿಗೆ ಮೊದಲ ಬಾರಿ ಬಂದಾಗಲೇ ಅದು 14ನೇ ಸ್ಥಾನ ಪಡೆಯಿತು. ಹೊಸ ವಿಜ್ಞಾನಿಗಳು ಆಕಾಶದಿಂದ ಇಳಿದಿರಲಿಲ್ಲ. ಇದ್ದವರೇ ಒಂದು ಹೆಸರಿನಡಿ ಬಂದರು.

ಮೂರನೆಯದು ಹಣ. ಸಂಶೋಧನೆ ಮತ್ತು ಅಭಿವೃದ್ಧಿಗೆ ಭಾರತ 2020-21ರಲ್ಲಿ ಖರ್ಚು ಮಾಡಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64 ಮಾತ್ರ, ಅದೇ ಹೊತ್ತಿಗೆ ಚೀನಾ ಸುಮಾರು ಶೇ 2.4. ಅಲ್ಲದೆ ಚೀನಾ 1995ರ 211 ಯೋಜನೆ, 1998ರ 985 ಯೋಜನೆಗಳ ಮೂಲಕ ಆಯ್ದ ವಿಶ್ವವಿದ್ಯಾಲಯಗಳಿಗೆ ಕಾಲು ಶತಮಾನ ಬಿಡದೆ ಹಣ ಹಾಕಿತು. ಟೈಮ್ಸ್ ಹೈಯರ್ ಎಜುಕೇಷನ್‌ನ 2024ರ ಪಟ್ಟಿಯಲ್ಲಿ ತ್ಸಿಂಗ್ಹುವಾ 12ನೇ, ಪೀಕಿಂಗ್ 14ನೇ ಸ್ಥಾನದಲ್ಲಿದ್ದವು. ಅದೇ ಪಟ್ಟಿಯಲ್ಲಿ ಭಾರತದ 91 ಸಂಸ್ಥೆಗಳಿದ್ದರೂ ಮೊದಲ 200ರೊಳಗೆ ಒಂದೂ ಇರಲಿಲ್ಲ. ನಮ್ಮಲ್ಲಿ 2018ರಲ್ಲಿ ಉತ್ಕೃಷ್ಟ ಸಂಸ್ಥೆಗಳ ಯೋಜನೆಯಡಿ ಆಯ್ಕೆಯಾದ ಸಾರ್ವಜನಿಕ ಸಂಸ್ಥೆಗಳಿಗೆ ತಲಾ 1,000 ಕೋಟಿ ರೂಪಾಯಿವರೆಗೆ ಕೊಡುವುದೆಂದಾಯಿತು, ಹತ್ತು ವರ್ಷದಲ್ಲಿ ಅವು ಜಗತ್ತಿನ ಮೊದಲ 500ಕ್ಕೆ, ಕ್ರಮೇಣ ಮೊದಲ 100ಕ್ಕೆ ಬರಬೇಕೆಂಬ ಗುರಿಯೂ ಇತ್ತು. ಶಿಖರದ ನಾಲ್ಕಾರು ಸಂಸ್ಥೆಗಳು ಇದರಿಂದ ಮೇಲೇರಬಹುದು. ಬೆಳಗಾವಿಯ ಭೂತರಾಮನಹಟ್ಟಿಯಲ್ಲೋ ವಿಜಯಪುರದ ತೊರವಿಯಲ್ಲೋ ಇರುವ ರಾಜ್ಯ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಉಪಕರಣ ಬರುವುದು ಬೇರೆಯದೇ ಪ್ರಶ್ನೆ.

ಅಂತಾರಾಷ್ಟ್ರೀಯ ಬೋಧಕರು, ವಿದ್ಯಾರ್ಥಿಗಳು ಎಂಬ ಅಂಕಣಗಳಲ್ಲಿ ಭಾರತಕ್ಕೆ ಹೆಚ್ಚು ಅಂಕ ಬರುವುದಿಲ್ಲ. ಸರ್ಕಾರಿ ವೇತನ ಶ್ರೇಣಿಯಲ್ಲಿ ವಿದೇಶಿ ಪ್ರಾಧ್ಯಾಪಕರನ್ನು ಕರೆತರುವುದು ಸುಲಭವಲ್ಲ. ಇಲ್ಲಿಯೂ ದಾಖಲೆಯ ಮಾತು ಇದೆ. ಬೆಳಗಾವಿಯಲ್ಲಿ ಮಲೇಷ್ಯಾದ ವಿದ್ಯಾರ್ಥಿಗಳು ಕೆಎಲ್‌ಇ ಸಹಯೋಗದಲ್ಲಿ ವೈದ್ಯಕೀಯ ಓದಿದ್ದಾರೆ, ಆದರೆ ಆ ಕಾರ್ಯಕ್ರಮದಲ್ಲಿ ಅವರಿಗೆ ಪದವಿ ಕೊಡುವುದು ಮಲೇಷ್ಯಾದ ವಿಶ್ವವಿದ್ಯಾಲಯ.

ಪಟ್ಟಿಯಲ್ಲಿ ಹೆಸರಿಲ್ಲದಿರುವುದಕ್ಕೂ ಹಲವು ಅರ್ಥಗಳಿವೆ. ಟೈಮ್ಸ್ ಹೈಯರ್ ಎಜುಕೇಷನ್ ಪಟ್ಟಿಗೆ ಸೇರಲು ಐದು ವರ್ಷಗಳಲ್ಲಿ ಕನಿಷ್ಠ ಸಾವಿರ ಲೇಖನಗಳು ಬೇಕು, ಪದವಿ ತರಗತಿಗಳು ಇರಬೇಕು, ಸಂಶೋಧನೆಯ ಶೇ 80ರಷ್ಟು ಒಂದೇ ವಿಷಯಕ್ಕೆ ಸೀಮಿತವಾಗಿರಬಾರದು. ಅಹಮದಾಬಾದ್ ಐಐಎಂ ಕ್ಯೂಎಸ್‌ನ ಸಾಮಾನ್ಯ ಪಟ್ಟಿಯಲ್ಲಿ ಕಾಣದಿರುವುದಕ್ಕೂ ಕಾರಣ ಒಂದೇ ವಿಷಯದ ಸಂಸ್ಥೆಯಾಗಿರುವುದು. 2008ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ್ದೇ ದ್ರಾಕ್ಷಿ, ದಾಳಿಂಬೆ, ನಿಂಬೆ, ಮೆಣಸಿನಕಾಯಿ ಬೆಳೆಯುವವರಿಗಾಗಿ. ಅದನ್ನು ಇಂಥ ಪಟ್ಟಿಯಲ್ಲಿ ಹುಡುಕುವುದೇ ತಪ್ಪು. ಇನ್ನು ಕೆಲವರು ತಾವಾಗಿಯೇ ಹೊರಗುಳಿಯುತ್ತಾರೆ. 2020ರಲ್ಲಿ ಬಾಂಬೆ, ದೆಹಲಿ, ಮದ್ರಾಸ್, ಕಾನ್ಪುರ, ಖರಗ್‌ಪುರ, ರೂರ್ಕಿ, ಗುವಾಹಟಿಯ ಏಳು ಐಐಟಿಗಳು ಲೆಕ್ಕದ ಕ್ರಮ ಪಾರದರ್ಶಕವಾಗಿಲ್ಲವೆಂದು ಟೈಮ್ಸ್ ಹೈಯರ್ ಎಜುಕೇಷನ್ ಪಟ್ಟಿಯಿಂದ ದೂರ ಸರಿದವು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯ 2023ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯ 2024ರಲ್ಲಿ ಅದೇ ದಾರಿ ಹಿಡಿದವು. ಸಂಸ್ಥೆಗಳು ತಾವೇ ಒಪ್ಪಿಸುವ ಅಂಕಿಅಂಶಗಳ ಮೇಲೆ ನಿಂತ ಲೆಕ್ಕಕ್ಕೆ ಇನ್ನೊಂದು ಅಪಾಯವೂ ಇದೆ: ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿನ ದೇಶೀಯ ಪಟ್ಟಿಯೊಂದಕ್ಕೆ ಕೊಟ್ಟ ಮಾಹಿತಿ ಸರಿಯಿಲ್ಲವೆಂದು ಅದರದೇ ಗಣಿತ ಪ್ರಾಧ್ಯಾಪಕರು 2022ರಲ್ಲಿ ತೋರಿಸಿಕೊಟ್ಟ ಮೇಲೆ ಅದು 2ನೇ ಸ್ಥಾನದಿಂದ 18ಕ್ಕೆ ಇಳಿಯಿತು.

ಪಾಲಕರು ಕೇಳಿದಾಗ ನಾನು ಮೊದಲು ಬಿಡಿಸಿ ಹೇಳುವುದು ಮಾನ್ಯತೆಗೂ ಶ್ರೇಯಾಂಕಕ್ಕೂ ಇರುವ ವ್ಯತ್ಯಾಸ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರವಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ (ನ್ಯಾಕ್) ಒಂದು ಸಂಸ್ಥೆಯನ್ನು ನಿಗದಿತ ಮಟ್ಟಕ್ಕೆ ಹೋಲಿಸಿ ದರ್ಜೆ ಕೊಡುತ್ತದೆ. ನೂರು ಕಾಲೇಜುಗಳಿಗೂ ಒಂದೇ ದರ್ಜೆ ಬರಬಹುದು. ಶ್ರೇಯಾಂಕ ಒಬ್ಬರನ್ನು ಇನ್ನೊಬ್ಬರ ಹಿಂದೆ ನಿಲ್ಲಿಸುತ್ತದೆ, ಆದ್ದರಿಂದ ನೀವು ಸುಧಾರಿಸಿದರೂ ಪಕ್ಕದವರು ಇನ್ನೂ ಹೆಚ್ಚು ಸುಧಾರಿಸಿದರೆ ಇಳಿಯುತ್ತೀರಿ. 2016ರಿಂದ ಪ್ರಕಟವಾಗುತ್ತಿರುವ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ವಿಭಾಗದಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ ಶೇ 30, ಪದವೀಧರರ ಫಲಿತಾಂಶಕ್ಕೆ ಶೇ 20, ಎಲ್ಲರನ್ನೂ ಒಳಗೊಳ್ಳುವಿಕೆಗೆ ಶೇ 10, ಜನಾಭಿಪ್ರಾಯಕ್ಕೆ ಶೇ 10ರ ತೂಕವಿದೆ. ಹೆಣ್ಣುಮಕ್ಕಳು, ಆರ್ಥಿಕವಾಗಿ ಮತ್ತು ಸಾಮಾಜಿಕವಾಗಿ ಹಿಂದುಳಿದವರು ಎಷ್ಟಿದ್ದಾರೆ ಎಂದು ಕೇಳುವ ಅಂಕಣವೊಂದು ಇದರಲ್ಲಿದೆ. ಪದವಿ ಓದುವ ಹುಡುಗಿಗೆ ನೊಬೆಲ್ ಎಣಿಸುವ ಪಟ್ಟಿಗಿಂತ ಇದು ಹತ್ತಿರದ್ದು. ಎರಡನೆಯದಾಗಿ, ಒಟ್ಟು ಸ್ಥಾನವನ್ನು ಬಿಟ್ಟು ಅಂಕಣಗಳನ್ನು ನೋಡಿ ಎನ್ನುತ್ತೇನೆ: ಕೆಲಸ ಬೇಕಾದವರು ಉದ್ಯೋಗದ ಅಂಕಣ, ಪಿಎಚ್‌ಡಿ ಬೇಕಾದವರು ಉಲ್ಲೇಖದ ಅಂಕಣ, ಎಲ್ಲರೂ ಬೋಧಕ-ವಿದ್ಯಾರ್ಥಿ ಅನುಪಾತ ನೋಡಬೇಕು. 210ಕ್ಕೂ 230ಕ್ಕೂ ನಡುವೆ ಅಂಕಗಳ ಅಂತರ ಎಷ್ಟು ಸಣ್ಣದೆಂದರೆ, ಕೆಳಗಿನ ಸ್ಥಾನಗಳನ್ನು ಟೈಮ್ಸ್ ಹೈಯರ್ ಎಜುಕೇಷನ್‌ನವರೂ ಶಾಂಘೈನವರೂ ಬಿಡಿಯಾಗಿ ಹೇಳದೆ 201-250, 301-400 ಎಂದು ಗುಂಪಾಗಿ ಕೊಡುತ್ತಾರೆ. ಕೊನೆಗೆ, ಸೇರಬೇಕೆಂದಿರುವ ವಿಭಾಗಕ್ಕೆ ಒಮ್ಮೆ ಹೋಗಿ ಖಾಯಂ ಬೋಧಕರು ಎಷ್ಟಿದ್ದಾರೆ, ಪ್ರಯೋಗಾಲಯ ವಾರಕ್ಕೆ ಎಷ್ಟು ದಿನ ತೆರೆದಿರುತ್ತದೆ ಎಂದು ಅಲ್ಲಿಯ ಎರಡನೇ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ ಎನ್ನುತ್ತೇನೆ. ಈ ಉತ್ತರ ಯಾವ ಪಟ್ಟಿಯಲ್ಲೂ ಅಚ್ಚಾಗುವುದಿಲ್ಲ.

ಪಟ್ಟಿಗೆ ಕಾಣದ ಇನ್ನೊಂದು ಕೆಲಸ ನಮ್ಮ ಭಾಷೆಯಲ್ಲಿ ನಡೆಯುವಂಥದ್ದು. ಉಲ್ಲೇಖ ಸೂಚಿಗಳು ಬಹುಪಾಲು ಇಂಗ್ಲಿಷ್ ಪತ್ರಿಕೆಗಳನ್ನೇ ಎಣಿಸುತ್ತವೆ. ಬಿಎಲ್‌ಡಿಇ ಸಂಸ್ಥೆಯನ್ನು 1910ರಲ್ಲಿ ಕಟ್ಟಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕುಳಿತು ತಾಳೆಗರಿಗಳಿಂದ ವಚನಗಳನ್ನು ಸಂಗ್ರಹಿಸಿ, ಸ್ವಂತ ಮುದ್ರಣಾಲಯ ಹಾಕಿ ಪ್ರಕಟಿಸಿದ ಆ ಇಡೀ ಜೀವಮಾನದ ಸಂಶೋಧನೆಗೆ ಇಂದಿನ ಲೆಕ್ಕದಲ್ಲಿ ಸಿಗುವ ಅಂಕ ಸೊನ್ನೆ. ಕನ್ನಡ, ಇತಿಹಾಸ, ಜಾನಪದ ವಿಭಾಗಗಳಲ್ಲಿ ಇವತ್ತು ಕನ್ನಡದಲ್ಲೇ ಬರೆಯುತ್ತಿರುವ ನೂರಾರು ಸಂಶೋಧಕರ ಸ್ಥಿತಿಯೂ ಅದೇ.

2003ರಲ್ಲಿ ವಿಜಯಪುರದಲ್ಲಿ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ಆರಂಭವಾಯಿತು, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಅಲ್ಲಿಗೂ ಅದರ ಸಂಯೋಜಿತ ಕಾಲೇಜುಗಳಿಗೂ ಬರುವ ಎಷ್ಟೋ ಹುಡುಗಿಯರ ಮನೆಯಲ್ಲಿ ಅವರಿಗಿಂತ ಮೊದಲು ಯಾರೂ ಪದವಿ ಓದಿರುವುದಿಲ್ಲ. ಮೂರು ಪ್ರಮುಖ ಜಾಗತಿಕ ಪಟ್ಟಿಗಳಲ್ಲಿ ಇದನ್ನು ಕೇಳುವ ಅಂಕಣ ಇಲ್ಲ. ಆದರೆ ಟೈಮ್ಸ್ ಹೈಯರ್ ಎಜುಕೇಷನ್ 2019ರಿಂದ ಪ್ರತ್ಯೇಕವಾಗಿ ತರುತ್ತಿರುವ, ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಆಧರಿಸಿದ ಪಟ್ಟಿಯ ಲಿಂಗ ಸಮಾನತೆಯ ಭಾಗದಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮಲ್ಲಿ ಓದುತ್ತಿರುವ ಮಹಿಳೆಯರಲ್ಲಿ ತಮ್ಮ ಕುಟುಂಬದಿಂದ ಮೊದಲ ಬಾರಿಗೆ ವಿಶ್ವವಿದ್ಯಾಲಯಕ್ಕೆ ಬಂದವರು ಎಷ್ಟು ಜನ?